ಶ್ನೈಡರ್ ವೈನಿಯ ಮೈದುನ

ನನ್ನ ಸೋದರಮಾವನಿಗೆ ಜರ್ಮನಿಯ ತುಂಬ ದಾಯಾದಿಗಳಿದ್ದಾರೆ. ಆದರೆ ಅವರಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿಲ್ಲ!

ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬ ಬಿಷಪ್, ಇಬ್ಬರು ಸಿನಿಮಾ ನಟಿಯರು, ಜೀರುಂಡೆಗಳ ಮೇಲೆ ದಪ್ಪ ಪುಸ್ತಕ ಬರೆದ ಒಬ್ಬ ಪಂಡಿತ, ಹಿಮದ ಮೇಲೆ ಜಾರುವುದರಲ್ಲಿ ಪದಕ ಗೆದ್ದ ಒಬ್ಬ ಹುಡುಗಿ. ಇವರೆಲ್ಲ ಒಬ್ಬರನ್ನೊಬ್ಬರು ಕಂಡವರಲ್ಲ, ನನ್ನ ಮಾಮಾನನ್ನಂತೂ ಕನಸಿನಲ್ಲಿಯೂ ಕಂಡಿರಲಾರರು. ಆದರೆ ಮಾಮಾ ಮಾತ್ರ ಇವರ ಕಷ್ಟಸುಖಗಳನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುತ್ತಾರೆ. ಇವರೆಲ್ಲರ ಹೆಸರಿನ ಕೊನೆಗೆ ಶ್ನೈಡರ್ ಎಂದಿದೆ, ಅಷ್ಟೇ ಕಾರಣ.

ಮಾಮಾ ಇರುವುದು ನೆದರ್‌ಲ್ಯಾಂಡ್ಸಿನ ರೈಸ್‌ವೈಕ್‌ನಲ್ಲಿ. ಅಲ್ಲಿಯ ಒಂದು ಆಫೀಸಿನಲ್ಲಿ ಯಂತ್ರಗಳ ನಕ್ಷೆ ಬರೆದು ಬರೆದು ನಿವೃತ್ತರಾದವರು. ಹುಟ್ಟಿದ್ದು ಗದಗಿನಲ್ಲಿ. ಅಡ್ಡಹೆಸರು ಸಿಂಪಿ. ಸಿಂಪಿ ಎಂದರೆ ಬಟ್ಟೆ ಹೊಲಿಯುವವರು ಎಂದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಅಜ್ಜ ಹೊಲಿದ ಅಂಗಿಗಳು ಮೂರು ತಲೆಮಾರು ಬಾಳಿದವು. ಮಾಮಾನಿಗೆ ಒಂದು ಗುಂಡಿ ಹಚ್ಚಲು ಬಾರದು, ಆ ಮಾತು ಬೇರೆ.

ನಮ್ಮ ಕಡೆ ಅಡ್ಡಹೆಸರೆಂದರೆ ಸುಮ್ಮನೆ ಹೆಸರಿಗೆ ಕಟ್ಟಿದ ಬಾಲವಲ್ಲ. ಉಳ್ಳಾಗಡ್ಡಿ, ತುಪ್ಪದ, ಮೆಣಸಿನಕಾಯಿ, ಬಡಿಗೇರ: ಅಡ್ಡಹೆಸರು ಕೇಳಿದರೆ ಸಾಕು, ಆತನ ಮುತ್ತಜ್ಜ ಏನು ಮಾರುತ್ತಿದ್ದ, ಏನು ಕೆತ್ತುತ್ತಿದ್ದ ಎಂದು ತಿಳಿದುಹೋಗುತ್ತದೆ. ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಅಪರಿಚಿತರ ಅಡ್ಡಹೆಸರು ಒಂದೇ ಆಗಿಬಿಟ್ಟಿತೋ, ಬಸ್ಸು ಬರುವುದರೊಳಗೆ ಒಬ್ಬ ಕಾಕಾ ಆಗಿರುತ್ತಾನೆ, ಇನ್ನೊಬ್ಬ ಅವನ ಕಾಲಿಗೆ ಬಿದ್ದಿರುತ್ತಾನೆ. ಈ ವಿದ್ಯೆಯನ್ನು ಮಾಮಾ ವಿಮಾನದಲ್ಲಿ ಜೊತೆಗೇ ತಂದರು. ಕಸ್ಟಮ್ಸಿನವರು ಉಪ್ಪಿನಕಾಯಿ ಹಿಡಿದರು, ಇದನ್ನು ಬಿಟ್ಟುಬಿಟ್ಟರು.

ಇಷ್ಟು ದೊಡ್ಡ ಹುಚ್ಚು ಶುರುವಾದದ್ದು ಒಂದು ಏಣಿಯಿಂದ. ಹನ್ನೆರಡು ವರ್ಷದ ಹಿಂದೆ ಮಾಮಾ, ಅತ್ತೆ ಇಬ್ಬರೂ ಈಗಿರುವ ಸಾಲುಮನೆಗೆ ಬಂದರು. ಪರದೆ ಕಟ್ಟಲು ಏಣಿ ಬೇಕಿತ್ತು. ಪಕ್ಕದ ಮನೆಯ ಬಾಗಿಲ ಮೇಲೆ ಒಂದು ಹಿತ್ತಾಳೆ ಫಲಕ ಫಳಫಳ ಹೊಳೆಯುತ್ತಿತ್ತು, ಅದರ ಮೇಲೆ 'ಶ್ನೈಡರ್' ಎಂದು ಕೊರೆದಿತ್ತು. ಬಾಗಿಲು ತೆರೆದವರು ಎಪ್ಪತ್ತೈದು ದಾಟಿದ ಒಬ್ಬ ಡಚ್ ಮಹಿಳೆ. ಏಣಿ ಕೇಳಲು ಹೋದ ಮಾಮಾ, ಏಣಿ ಬಿಟ್ಟು, "ನಿಮ್ಮ ಅಡ್ಡಹೆಸರಿನ ಅರ್ಥ ಏನ್ರಿ?" ಎಂದು ಕೇಳಿದರು!

ಈ ದೇಶದಲ್ಲಿ ಪಕ್ಕದ ಮನೆಯವರ ಜೊತೆ ಇಪ್ಪತ್ತು ವರ್ಷ ಮಳೆಗಾಳಿಯ ಮಾತಾಡಿಕೊಂಡೇ ಸುಖವಾಗಿ ಇರಬಹುದು. ಹೆಸರಿನ ಅರ್ಥ ಕೇಳುವವರನ್ನು ಆಕೆ ಅದೇ ಮೊದಲು ನೋಡಿದ್ದು. ಆದರೂ ಗಾಬರಿಯಾಗದೆ ಹೇಳಿದರಂತೆ. ಗಂಡನ ಅಜ್ಜ ಜರ್ಮನಿಯಿಂದ ಬಂದವನು, ಅದು ಜರ್ಮನ್ ಹೆಸರು. ಅರ್ಥ ಮಾತ್ರ ಬಾಯಲ್ಲಿ ಹೇಳಲಿಲ್ಲ. ಎರಡು ಬೆರಳುಗಳನ್ನು ಕತ್ತರಿಯ ಹಾಗೆ ಆಡಿಸಿ ಮಾಮಾನ ಜುಬ್ಬಾದ ತೋಳನ್ನು ಕಚಕಚ ಕತ್ತರಿಸಿದ ಹಾಗೆ ಮಾಡಿ ತೋರಿಸಿದರು.

ಮಾಮಾ ಏಣಿಯ ಮಾತನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಬಂದರು.

"ಏ, ಲಗೂನ ಬಾ ಇಲ್ಲೆ! ಬಾಜೂ ಮನಿಯವ್ರು ನಮ್ಮವ್ರು! ಸಿಂಪ್ಯಾರು!"

ಅತ್ತೆ ಪರದೆಯ ಬಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ನಿಂತಿದ್ದರು. "ಯಾವೂರವರಂತ?"

"ಮೂಲ ಜರ್ಮನಿ!"

"ಜರ್ಮನಿ ಯಾವ ತಾಲೂಕಿನಾಗ ಬರತೈತ್ರಿ, ರೋಣ ಏನು? ಹೋಗ್ರಿ, ಮೊದಲ ಏಣಿ ತರ್ರಿ."

ಎರಡನೇ ಸಲ ಹೋದಾಗ ಮಾಮಾ ಏಣಿಯ ಜೊತೆಗೆ ಪೂರ್ತಿ ಕಥೆಯನ್ನೂ ತಂದರು. ಆಕೆಯ ಗಂಡ ನಲವತ್ತು ವರ್ಷ ಟ್ರಾಮ್ ಓಡಿಸಿದವರು, ಹಿಂದಿನ ವರ್ಷ ತೀರಿಕೊಂಡಿದ್ದರು. ಅವರಿಗೆ ಒಡಹುಟ್ಟಿದವರಿರಲಿಲ್ಲ. ದಂಪತಿಗೆ ಮಕ್ಕಳಿಲ್ಲ. "ಈ ಹೆಸರು ನನ್ನ ಜೊತೆಗೇ ಮುಗಿಯುತ್ತದೆ. ಉಳಿದದ್ದು ಈ ಫಲಕ ಒಂದೇ" ಎಂದು ಆಕೆ ಹೇಳಿದರಂತೆ. ಪ್ರತಿ ಶನಿವಾರ ಬೆಳಿಗ್ಗೆ ಆ ಫಲಕವನ್ನು ತಿಕ್ಕಿ ಹೊಳೆಸುವುದು ಆಕೆಯ ನೇಮ. ತಾನು ಈ ಮನೆಯಿಂದಲೇ ಹೋಗಬೇಕು, ಯಾರೋ ಬಂದು ಆ ಫಲಕ ಕಿತ್ತುಹಾಕುವುದನ್ನು ತಾನು ಕಣ್ಣಿಂದ ನೋಡಬಾರದು, ಇದೊಂದೇ ಆಕೆಯ ಆಸೆ.

ಮಾಮಾನಿಗೆ ಇದು ಕೇಳಿ ಸಿಟ್ಟೇ ಬಂತಂತೆ. "ಮನಿತನ ಅಂದ್ರ ಹಂಗೆಲ್ಲಾ ಮುಗಿಯೂದಲ್ರಿ ವೈನಿ" ಎಂದುಬಿಟ್ಟರು. ಮಾಮಾ ಆಡುವುದು ಡಚ್ ಭಾಷೆಯೇ, ಆದರೆ ಅದರಲ್ಲಿ ಗದಗಿನ ಗಾಳಿ ಬೀಸುತ್ತಿರುತ್ತದೆ. ವೈನಿ ಎಂದರೇನು ಎಂದು ಆಕೆ ಕೇಳಿದರು. ಅಣ್ಣನ ಹೆಂಡತಿ ಎಂದು ಮಾಮಾ ವಿವರಿಸಿದರು. ಹೆಸರಿನ ಕಸುಬು ಒಂದೇ ಆದ ಮೇಲೆ ಟ್ರಾಮಿನ ಶ್ನೈಡರ್ ತನಗೆ ಅಣ್ಣನೇ ಅಲ್ಲವೆ? ಆಕೆ ಒಂದು ನಿಮಿಷ ಯೋಚಿಸಿ, "ಗುರುವಾರ ಹತ್ತು ಗಂಟೆಗೆ ಕಾಫಿಗೆ ಬನ್ನಿ" ಎಂದರು. ಡಚ್ಚರು ಸಂಬಂಧವನ್ನು ಒಪ್ಪಿಕೊಳ್ಳುವುದು ಹೀಗೆಯೇ, ವಾರ ಮತ್ತು ಸಮಯದ ಸಮೇತ.

ನಾನು ಈ ಸುದ್ದಿ ಕೇಳಿ ಅತ್ತೆಯನ್ನು ಛೇಡಿಸಿದೆ. "ಹಂಗಾರ ಅವ್ರು ನಿಮಗ ನೆಗೆಣ್ಣಿ ಆಗಬೇಕಲ್ರಿ ಅತ್ತಿ?" ಮೈಸೂರು ಕಡೆಯವರು ವಾರಗಿತ್ತಿ ಅನ್ನುತ್ತಾರಲ್ಲ, ಅದೇ ನೆಗೆಣ್ಣಿ. ಅಣ್ಣತಮ್ಮಂದಿರ ಹೆಂಡಿರು.

"ನೆಗೆಣ್ಣಿ ಅಂದ ಮ್ಯಾಲೆ ಜಗಳ ಆಡಬೇಕವಾ. ಆಕಿಗೆ ಜಗಳಾಡಾಕರ ಕನ್ನಡ ಬರತೈತೇನು?" ಎಂದರು ಅತ್ತೆ. "ಅವರ ವೈನಿ, ಅವರ ಹುಚ್ಚು. ನನಗ ಸಂಬಂಧಿಲ್ಲ."

ಅಂದಿನಿಂದ ಅತ್ತೆಯ ಬಾಯಲ್ಲಿ ಆಕೆ 'ನಿಮ್ಮ ವೈನಿ'.

ಮುಂದಿನ ಗುರುವಾರ ಬರಿಗೈಯಲ್ಲಿ ಹೋಗುವುದು ಹೇಗೆ? ಮನೆತನ ಮುಗಿದಿಲ್ಲ ಎಂದು ತೋರಿಸಿಕೊಡಬೇಕಲ್ಲ! ಮಾಮಾ ಇಂಟರ್‌ನೆಟ್ಟಿನಲ್ಲಿ ಹುಡುಕಿದರು. ಅಲ್ಲಿ ಶ್ನೈಡರ್ ಎಂಬ ಹೆಸರಿನ ಖ್ಯಾತರ ಪಟ್ಟಿಯೇ ಸಿಕ್ಕಿತು. ಮಾಮಾ ಅದನ್ನು ಮೊದಲ ಸಲ ಓದಿದಾಗ ಅವರ ಕಣ್ಣಲ್ಲಿ ನೀರು ಬಂದಿತ್ತೆಂದು ಅತ್ತೆ ಇವತ್ತಿಗೂ ಆಣೆ ಮಾಡಿ ಹೇಳುತ್ತಾರೆ. ಉದ್ದನೆಯ ಒಂದು ನೋಟ್‌ಬುಕ್ ತಂದರು. ಗುರುವಾರಕ್ಕೊಬ್ಬ ಶ್ನೈಡರ್. ಲೈಬ್ರರಿಗೆ ಹೋಗಿ ಅವನ ಊರು, ಕೇರಿ, ಕೆಲಸ, ಹೆಂಡತಿ ಮಕ್ಕಳು ಎಲ್ಲ ಬರೆದುಕೊಂಡು ಬಂದು ವೈನಿಗೆ ಓದಿ ಹೇಳುವುದು. ಮೊದಲ ಹೆಸರುಗಳೆಲ್ಲ ಒಂದಕ್ಕೊಂದು ತೊಡಕಾಗುತ್ತವೆಂದು ಊರಿನ ಪದ್ಧತಿಯಂತೆ ಗುರುತಿನ ಹೆಸರು ಇಟ್ಟರು: ಚೆಂಡಿನ ಶ್ನೈಡರ್, ಹುಳದ ಶ್ನೈಡರ್, ಹಾಡಿನ ಶ್ನೈಡರ್, ಸೇತುವೆ ಶ್ನೈಡರ್.

ನಾನೊಮ್ಮೆ ಆ ನೋಟ್‌ಬುಕ್ ತೆರೆದು ನೋಡಿದೆ. ಮೊದಲ ಪುಟದಲ್ಲಿ ಬಿಷಪ್ಪನೂ ಇಲ್ಲ, ನಟಿಯೂ ಇಲ್ಲ. 'ಟ್ರಾಮಿನ ಶ್ನೈಡರ್' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು.

"ಮಾಮಾ, ಇವ್ರು ಆ ಲಿಸ್ಟ್‌ನಾಗ ಇಲ್ಲಲ್ರಿ. ಇದು ಫೇಮಸ್ ಜನರ ಲಿಸ್ಟು."

"ಫೇಮಸ್ ಯಾರು ಅಂತ ಠರಾಯಿಸಾವ್ರು ಯಾರವಾ? ನಲವತ್ತು ವರ್ಷ ಟ್ರಾಮ್ ಹೊಡದ್ರು, ಒಂದ್ ಸೈಕಲ್ಲಿಗೆ ಹಾಯಿಸಲಿಲ್ಲ. ಮಂದಿಗಿಂತ ಸೈಕಲ್ ಹೆಚ್ಚಿರೂ ಈ ದೇಶದಾಗ! ಸೈಕಲ್ಲಿಗೆ! ನಿಮ್ಮ ಬಿಷಪ್ ಮಾಡ್ತಾನೇನು ಅದನ್ನ?"

ಬಿಷಪ್ ಯಾವಾಗ ನನ್ನವನಾದನೋ ನನಗೆ ತಿಳಿಯದು.

ಈ ಗುರುವಾರಗಳ ಫಲವೊಂದನ್ನು ಹೇಳಲೇಬೇಕು. ಇಲ್ಲಿ ಕಾಫಿಯ ಜೊತೆ ಬಿಸ್ಕತ್ತಿನ ಡಬ್ಬಿ ಬರುತ್ತದೆ. ನೀವು ಒಂದು ತೆಗೆದುಕೊಳ್ಳುತ್ತೀರಿ, ಡಬ್ಬಿಯ ಮುಚ್ಚಳ ಬೀಳುತ್ತದೆ, ಡಬ್ಬಿ ಕಪಾಟಿಗೆ ಹೋಗುತ್ತದೆ. ಮಾಮಾನ ಹತ್ತನೇ ಶ್ನೈಡರ್ ಮುಗಿದ ದಿನ ವೈನಿ ಮುಚ್ಚಳ ಹಾಕಲಿಲ್ಲ. ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು! ಮಾಮಾ ಅವತ್ತು ಸಂಜೆ ಇದೇ ದೇಶದ ನೈಮೆಗನ್ ಊರಿನಲ್ಲಿರುವ ನನಗೆ ಫೋನು ಮಾಡಿ ಇದನ್ನು ತಿಳಿಸಿದರು. ನಾನು ಅಲ್ಲಿಯ ಒಂದು ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನನಗೆ ಪ್ರಮೋಷನ್ ಬಂದಾಗ ಕೂಡ ಮಾಮಾ ಅಷ್ಟು ಹಿಗ್ಗಿರಲಿಲ್ಲ.

ಹುಚ್ಚು ನೋಟ್‌ಬುಕ್ಕಿನೊಳಗೇ ಕುಳಿತಿದ್ದರೆ ನಮ್ಮದೇನೂ ತಕರಾರಿರಲಿಲ್ಲ. ಅದು ಕಕ್ಕಸಿಗೂ ಬಂತು. ಡಚ್ಚರ ಮನೆಯಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರನ್ನು ತೂಗುಹಾಕುವುದು ಕಕ್ಕಸಿನ ಬಾಗಿಲ ಹಿಂದೆ. ಕುಳಿತಾಗ ಪುರಸೊತ್ತಾಗಿ ನೆನಪಾಗಲಿ ಎಂದು. ಮಾಮಾನ ಕ್ಯಾಲೆಂಡರಿನಲ್ಲಿ ದಿನಕ್ಕೊಬ್ಬ ಶ್ನೈಡರ್ ಹುಟ್ಟಿದ್ದಾನೆ, ಕೆಲವು ದಿನ ಇಬ್ಬರು. ಹೋದವರು ಹೊರಗೆ ಬರುವುದೇ ಇಲ್ಲ, ಓದುತ್ತ ಕುಳಿತುಬಿಡುತ್ತಾರೆ. ಒಂದು ದಿನ ಅತ್ತೆ ಒಳಗಿಂದಲೇ ಕೂಗಿದರು: "ಏನ್ರಿ, ನನ್ನ ಹುಟ್ಟಿದ ದಿನದ ಮ್ಯಾಲೆ ಯಾರೋ ಹುಳದವ ಕುಂತಾನಲ್ರಿ!"

ಅತ್ತೆಯ ಹೆಸರನ್ನು ಅಂಚಿನಲ್ಲಿ, ಬಾಣದ ಗುರುತು ಹಾಕಿ ಸೇರಿಸಲಾಯಿತು.

ಫುಟ್‌ಬಾಲಿನ ಕಥೆ ಇನ್ನೂ ಕೆಟ್ಟದ್ದು. ನೆದರ್‌ಲ್ಯಾಂಡ್ಸಿಗೂ ಜರ್ಮನಿಗೂ ಪಂದ್ಯವಿದ್ದರೆ ಇಲ್ಲಿ ಬೀದಿಗೆ ಬೀದಿಯೇ ಕಿತ್ತಳೆ ಬಣ್ಣವಾಗುತ್ತದೆ. ಮಾಮಾನ ಬೀದಿಯವರೆಲ್ಲ ಒಂದು ಮನೆಯ ಅಂಗಳದಲ್ಲಿ ದೊಡ್ಡ ಟಿ.ವಿ. ಇಟ್ಟಿದ್ದರು. ಮಾಮಾ ಕಿತ್ತಳೆ ಅಂಗಿ, ಕಿತ್ತಳೆ ಟೊಪ್ಪಿಗೆ, ಕೊರಳಲ್ಲಿ ಒಂದು ಪೀಪಿ. ಎಲ್ಲರಿಗಿಂತ ಜೋರಾಗಿ ಊದುತ್ತಿದ್ದರು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಜರ್ಮನಿಯವರು ಒಬ್ಬ ಹೊಸ ಹುಡುಗನನ್ನು ಇಳಿಸಿದರು. ಬೆನ್ನ ಮೇಲೆ ಶ್ನೈಡರ್! ಮಾಮಾನ ಪೀಪಿ ಅಲ್ಲಿಗೇ ನಿಂತಿತು. ಆ ಹುಡುಗ ಚೆಂಡು ಹಿಡಿದು ಓಡಿದ್ದೇ ತಡ, "ಹೊಡಿಯೋ ತಮ್ಮಾ!" ಎಂದು ಅಂಗಳ ನಡುಗುವ ಹಾಗೆ ಕೂಗಿದರು. ಆತ ಹೊಡೆದೇಬಿಟ್ಟ! ಬೀದಿಯವರು ಮಾಮಾನ ಕಡೆ ತಿರುಗಿ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಅತ್ತೆ ಎರಡು ವಾರ ಕಸದ ಡಬ್ಬಿ ಹೊರಗಿಡಲು ಕತ್ತಲಾಗುವುದನ್ನು ಕಾಯುತ್ತಿದ್ದರು.

ನನ್ನ ಮಗಳನ್ನೂ ಮಾಮಾ ಬಿಡಲಿಲ್ಲ. ಅವಳಿಗಾಗ ಒಂಬತ್ತು ವರ್ಷ. ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದರು. ನಾನು ಆಫೀಸಿನ ಗಡಿಬಿಡಿಯಲ್ಲಿ, "ಅಜ್ಜಾನ್ನ ಕೇಳು ಹೋಗು" ಎಂದೆ. ನನ್ನ ಮಾಮಾನನ್ನು ಅವಳು ಅಜ್ಜಾ ಎಂದೇ ಕರೆಯುವುದು. ವಿಡಿಯೊ ಕಾಲಿನಲ್ಲಿ ಅಜ್ಜ ಮೊಮ್ಮಗಳು ಎರಡು ಗಂಟೆ ಕುಳಿತರು. ತಿಂಗಳಾದ ಮೇಲೆ ಪಾಲಕರ ಭೇಟಿಗೆ ಹೋಗುವ ಹಿಂದಿನ ದಿನ ಶಾಲೆಯಿಂದ ತಿರುಗಿ ಬಂದಿದ್ದ ಆ ಮರ ನನ್ನ ಕಣ್ಣಿಗೆ ಬಿತ್ತು. ಬೇರಿನಲ್ಲಿ ಗದಗು, ಕಾಂಡದಲ್ಲಿ ಹೊಲಿಗೆ ಮಷಿನ್, ಬಲಗಡೆ ಕೊಂಬೆಯಲ್ಲಿ ನಾವು, ಎಡಗಡೆ ಕೊಂಬೆಯಲ್ಲಿ ಬಿಷಪ್ಪು, ಜೀರುಂಡೆ, ಇಬ್ಬರು ನಟಿಯರು!

"ಇದನ್ನ ಟೀಚರಿಗೆ ಕೊಟ್ಟೀಯೇನು?" ಎಂದು ಚೀರಿದೆ.

"ಮಮ್ಮಾ, ರಿಲ್ಯಾಕ್ಸ್. ಯುಫ್ ಲವ್ಡ್ ಇಟ್!" ಎಂದಳು. ಇಲ್ಲಿ ಟೀಚರಮ್ಮನನ್ನು ಮಕ್ಕಳು ಯುಫ್ ಎನ್ನುತ್ತಾರೆ.

ಪಾಲಕರ ಭೇಟಿಗೆ ಇಲ್ಲಿ ಕೊಡುವುದು ಸರಿಯಾಗಿ ಹತ್ತು ನಿಮಿಷ. ಮೊದಲ ಐದು ನಿಮಿಷ ನಾನು ತಲೆ ತಗ್ಗಿಸಿ ಕ್ಷಮೆ ಕೇಳಿದೆ. ಅದು ನಿಜವಾದ ಮರವಲ್ಲ, ನಮ್ಮ ಮಾಮಾ ಸ್ವಲ್ಪ ಹಾಗೆ, ನಮಗೂ ಜರ್ಮನಿಗೂ ಯಾವ ನಂಟೂ ಇಲ್ಲ ಎಂದೆ. ಟೀಚರಮ್ಮ ನಗುತ್ತಿದ್ದರು. "ನಿಮ್ಮ ಮಾಮಾ ಹೋದ ವಾರವೇ ಫೋನು ಮಾಡಿದ್ದರು. ನನ್ನ ತಾಯಿಯ ತವರಿನ ಹೆಸರು ಕೂಡ ಶ್ನೈಡರ್. ಲೆಕ್ಕ ಹಾಕಿದರು. ನಾನು ನಿಮಗೆ ಅಕ್ಕ ಆಗಬೇಕಂತೆ!" ಎಂದರು. ಉಳಿದ ಐದು ನಿಮಿಷ ನಾವು ಅಕ್ಕತಂಗಿಯರು ಸುಖದುಃಖ ಮಾತಾಡಿಕೊಂಡೆವು. ಮಗಳ ಗಣಿತದ ಬಗ್ಗೆ ಕೇಳುವುದೇ ಮರೆತುಹೋಯಿತು.

ಇಷ್ಟೆಲ್ಲ ಆದರೂ ನಾನು ಮಾಮಾನ ಮುಖದ ಮೇಲೆ ನಕ್ಕವಳಲ್ಲ. ನಕ್ಕದ್ದು ಒಂದೇ ಸಲ. ಆ ನಗುವನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಇವತ್ತೇ ತೆಗೆದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಮಾಮಾನ ಫೋನು ಬಂತು. ಧ್ವನಿ ಬಿದ್ದುಹೋಗಿತ್ತು. "ನಮ್ಮ ಹಾಡಿನ ಶ್ನೈಡರ್ ಹೋದ್ನವಾ."

ಜರ್ಮನಿಯ ಯಾವುದೋ ಹಳೆಯ ಗಾಯಕ. ಸುದ್ದಿಯಲ್ಲಿ ಬಂದಿತ್ತು. ನಾನು ನಗು ತಡೆದುಕೊಂಡು, "ಪಾಪ, ವಯಸ್ಸಾಗಿತ್ತೇನ್ರಿ?" ಎಂದೆ.

"ಆಗಿತ್ತು. ನೀ ಒಂದ್ ಕೆಲಸ ಮಾಡು. ಬುತ್ತಿ ಕಟ್ಟಿಕೊಂಡು ಬಾ."

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಆ ಮನೆತನದ ಅಣ್ಣತಮ್ಮಂದಿರ ಮನೆಯಲ್ಲಿಯೂ ಇಲ್ಲ. ಹೊರಗಿನ ಬಂಧುಗಳು, ಅಂದರೆ ಕೊಟ್ಟ ಹೆಣ್ಣುಮಕ್ಕಳ ಮನೆಯವರು, ಬೀಗರು, ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಹೋಗಿ ಅವರಿಗೆ ಉಣ್ಣಿಸಿ ಬರಬೇಕು. ಮಾಮಾನ ಲೆಕ್ಕ ಚೊಕ್ಕವಾಗಿತ್ತು. ವೈನಿಯದು ಸಾವಿನ ಮನೆ, ಮಾಮಾನದು ಅಣ್ಣತಮ್ಮಂದಿರ ಮನೆ, ನಾನು ಅಕ್ಕನ ಮಗಳು, ಹೊರಗಿನವಳು. ಬುತ್ತಿ ನನ್ನದೇ ಪಾಳಿ!

ನಾನು ಆಫೀಸಿನ ನಟ್ಟನಡುವೆ ನಿಂತು ಹೋ ಎಂದು ನಕ್ಕುಬಿಟ್ಟೆ. "ಮಾಮಾ, ನನಗ ಮೀಟಿಂಗ್ ಐತ್ರಿ. ಜರ್ಮನ್ ಹಾಡುಗಾರಗ ನೈಮೆಗನ್‌ದಿಂದ ರೊಟ್ಟಿ ಒಯ್ಯಾಕ ರಜಾ ಕೇಳಲೇನು?"

"ಆತು ಬಿಡವಾ" ಎಂದು ಮಾಮಾ ಫೋನು ಇಟ್ಟರು.

ಮುಂದಿನದನ್ನು ಅತ್ತೆ ಹೇಳಿದರು. "ನಾ ಒಲಿ ಹಚ್ಚಾಕೀನ. ನಿಮ್ಮ ಹಾಡುಗಾರಗ ನಾ ಸೂತಕ ಹಿಡ್ಯಾಂಗಿಲ್ಲ" ಎಂದು ಬೈದುಕೊಳ್ಳುತ್ತ ಅವರೇ ಹತ್ತು ಜೋಳದ ರೊಟ್ಟಿ ಬಡಿದು, ಕಡಲೆಹಿಟ್ಟಿನ ಝುಣಕ ಮಾಡಿ, ಬುತ್ತಿ ಕಟ್ಟಿಕೊಟ್ಟರು. ಮಾಮಾ ಬಿಳಿ ಅಂಗಿ ಹಾಕಿಕೊಂಡು, ಮುಖ ಇಳಿಬಿಟ್ಟುಕೊಂಡು ಪಕ್ಕದ ಮನೆಯ ಗಂಟೆ ಒತ್ತಿದರು. ಬಾಗಿಲು ತೆರೆದರೆ ಬಣ್ಣಬಣ್ಣದ ಕಾಗದದ ತೋರಣ! ಅಂದು ವೈನಿಯ ಹುಟ್ಟುಹಬ್ಬ. ಕಕ್ಕಸಿನ ಕ್ಯಾಲೆಂಡರಿನಲ್ಲಿ ಅಷ್ಟು ಜನ ಶ್ನೈಡರರನ್ನು ತುಂಬಿದ ಮನುಷ್ಯ ಪಕ್ಕದ ಮನೆಯ ಶ್ನೈಡರಳನ್ನೇ ಬಿಟ್ಟಿದ್ದರು!

ಇಲ್ಲಿಯ ಹುಟ್ಟುಹಬ್ಬದಲ್ಲಿ ಕುರ್ಚಿಗಳನ್ನು ಸುತ್ತಲೂ ಇಟ್ಟು ಕೂರುತ್ತಾರೆ. ಹುಟ್ಟುಹಬ್ಬ ಇದ್ದವರಿಗಷ್ಟೇ ಅಲ್ಲ, ಅವರ ಮನೆಯವರಿಗೆಲ್ಲ ಕೈ ಕುಲುಕಿ ಅಭಿನಂದನೆ ಹೇಳುವುದು ರೂಢಿ. ಒಳಗೆ ಆರು ಕುರ್ಚಿ, ಇಬ್ಬರೇ ಇಬ್ಬರು ಮುದುಕಿಯರು, ಟ್ರಾಮಿನ ಶ್ನೈಡರರ ಹಳೆಯ ಸಹೋದ್ಯೋಗಿಗಳ ಹೆಂಡಿರು. ಅವರು ಎದ್ದು ನಿಂತು, ಬುತ್ತಿ ಹಿಡಿದು ಸೂತಕದ ಮುಖ ಹಾಕಿಕೊಂಡಿದ್ದ ಮಾಮಾನ ಕೈ ಹಿಡಿದು, "ನಿಮ್ಮ ಅತ್ತಿಗೆಯ ಹುಟ್ಟುಹಬ್ಬಕ್ಕೆ ಅಭಿನಂದನೆಗಳು" ಎಂದರಂತೆ. ವೈನಿ ಅವರಿಗೆ ಮೊದಲೇ ಹಾಗೆ ಹೇಳಿಟ್ಟಿದ್ದರು: ನನ್ನ ಮೈದುನ ಬರುತ್ತಾನೆ ಎಂದು.

ಸತ್ತವರು ಯಾರೆಂದು ತಿಳಿದು ವೈನಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಅವನ ಹಾಡು ರೇಡಿಯೊದಲ್ಲಿ ಬಂದರೆ ನನ್ನ ಗಂಡ ಎದ್ದು ಹೊರಗೆ ಹೋಗುತ್ತಿದ್ದ!" ಎಂದರು. ಕೇಕು ಹಾಗೇ ಉಳಿಯಿತು. ರೊಟ್ಟಿ ಒಂದೂ ಉಳಿಯಲಿಲ್ಲ.

ಇದಾಗಿ ವರ್ಷ ಕಳೆದಿರಬೇಕು, ವೈನಿ ಮೆಟ್ಟಿಲ ಮೇಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ನಾನು ಅವತ್ತು ಮಾಮಾನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಫಾರಂ ಹಿಡಿದ ಒಬ್ಬ ಅಧಿಕಾರಿ ಹೆಂಗಸು ನಮ್ಮನ್ನು ಕೂರಿಸಿ ಮೆಲ್ಲಗೆ ಹೇಳಿದರು. ದಿನವೂ ನೋಡಿಕೊಳ್ಳುವ ಹತ್ತಿರದವರು ಯಾರಾದರೂ ಇದ್ದರೆ ಇವರನ್ನು ಮನೆಗೆ ಕಳಿಸಬಹುದು. ಇಲ್ಲವಾದರೆ ಆರೈಕೆಯ ಮನೆಗೆ ಕಳಿಸಬೇಕಾಗುತ್ತದೆ. ಜಾಗ ಖಾಲಿಯಿರುವುದು ಬೇರೆ ಊರಿನಲ್ಲಿ. ಮಾಮಾ ತಂದಿದ್ದ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡರು. ಹಾಗೆ ಹೋದರೆ ವೈನಿ ಆ ಫಲಕವಿದ್ದ ಬಾಗಿಲಿಗೆ ತಿರುಗಿ ಬರುವುದಿಲ್ಲ ಎಂದು ನನಗೂ ಗೊತ್ತಿತ್ತು.

"ನೀವು ಅವರಿಗೆ ಏನಾಗಬೇಕು?" ಎಂದು ಆಕೆ ಕೇಳಿದರು.

"ಮೈದುನ."

"ಹೆಸರು?"

"ಸಿಂಪಿ."

ಆಕೆ ಫಾರಂ ನೋಡಿದರು, ಮಾಮಾನನ್ನು ನೋಡಿದರು, ಮತ್ತೆ ಫಾರಂ ನೋಡಿದರು. ಆಗ ನಮ್ಮ ಮಾಮಾ ಏನು ಮಾಡಿದರು ಗೊತ್ತೆ? ಚೀಲದಿಂದ ಆ ನೋಟ್‌ಬುಕ್ ತೆಗೆದು ಮೇಜಿನ ಮೇಲೆ ಬಿಚ್ಚಿದರು! ಟ್ರಾಮಿನ ಶ್ನೈಡರ್, ಚೆಂಡಿನ ಶ್ನೈಡರ್, ಹುಳದ ಶ್ನೈಡರ್... ನಾನು ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಆಕೆ ಸೇತುವೆ ಶ್ನೈಡರ್ ತನಕ ಕೇಳಿ, ಎದ್ದು, ನೇರವಾಗಿ ವೈನಿಯ ಮಂಚದ ಹತ್ತಿರ ಹೋದರು. ನಾವೂ ಹಿಂದೆ ಹೋದೆವು.

ವೈನಿ ಎಂಥವರೆಂದರೆ, ಕೆಂಪು ದೀಪವಿದ್ದರೆ ನರಪಿಳ್ಳೆಯಿಲ್ಲದ ರಸ್ತೆಯನ್ನೂ ದಾಟದವರು. ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವರಲ್ಲ. ಹುಟ್ಟುಹಬ್ಬದಲ್ಲಿ ಗೆಳತಿಯರ ಮುಂದೆ ನಗೆಗೆ ಹೇಳುವ ಮಾತು ಬೇರೆ, ಸರಕಾರದ ಫಾರಂ ಬೇರೆ.

"ಶ್ನೈಡರ್ ಅವರೇ, ಈ ಮಹಾಶಯರು ನಿಮಗೆ ಏನಾಗಬೇಕು?"

ವೈನಿ ದಿಂಬಿನ ಮೇಲಿಂದ ಮಾಮಾನನ್ನು ನೋಡಿದರು. ಎದೆಗೆ ಅವಚಿಕೊಂಡ ನೋಟ್‌ಬುಕ್ಕನ್ನು ನೋಡಿದರು. ಒಂದು ನಿಮಿಷ ಯೋಚಿಸಿದರು, ಮೊದಲ ದಿನ ಯೋಚಿಸಿದ ಹಾಗೆಯೇ.

"ನನ್ನ ಗಂಡನ ತಮ್ಮ" ಎಂದರು. "ನೀವು ಅವನ ಮಾತಿಗೆ ಬೇಜಾರಾಗಬೇಡಿ. ನನ್ನ ಗಂಡನ ಮನೆಯವರೆಲ್ಲ ಸ್ವಲ್ಪ ಹುಚ್ಚರು."

ಆಕೆ ಬರೆದುಕೊಂಡರು. ವೈನಿ ಮನೆಗೆ ಬಂದರು.

ಮುಂದಿನ ಎರಡು ವರ್ಷ ಗುರುವಾರದ ಕಾಫಿ ದಿನದ ಕಾಫಿಯಾಯಿತು. ಕಸದ ಡಬ್ಬಿ ಹೊರಗಿಡುವವರು ಮಾಮಾ, ಔಷಧಿಯ ಅಂಗಡಿಗೆ ಹೋಗುವವರು ಮಾಮಾ. ಅತ್ತೆ ಮಾತ್ರ ಬಗ್ಗಲಿಲ್ಲ. "ನಿಮ್ಮ ವೈನಿಗೆ ಉಪ್ಪಿಲ್ಲದ ಸಾರು ಇಟ್ಟೀನಿ, ಒಯ್ರಿ", "ನಿಮ್ಮ ವೈನಿಗೆ ಬೆನ್ನು ತಿಕ್ಕಿ ಎರೆದು ಬಂದೆ, ನನ್ನ ಸೊಂಟ ಬಿತ್ತು" ಎನ್ನುತ್ತಲೇ ಇದ್ದರು. ನಾನು ಹೋದಾಗೊಮ್ಮೆ ಇಬ್ಬರೂ ಹೆಂಗಸರು ಸೋಫಾದ ಮೇಲೆ ಕುಳಿತು, ಒಬ್ಬರು ಡಚ್ಚಿನಲ್ಲಿ, ಒಬ್ಬರು ಕನ್ನಡದಲ್ಲಿ, ಮಾಮಾನನ್ನು ಬೈಯುತ್ತಿದ್ದರು. ಯಾವ ಅಡಚಣೆಯೂ ಇದ್ದಂತೆ ಕಾಣಲಿಲ್ಲ.

ಹೋದ ಮಾರ್ಚಿನಲ್ಲಿ ವೈನಿ ತೀರಿಕೊಂಡರು. ತಮ್ಮ ಮಂಚದಲ್ಲಿ, ತಮ್ಮ ಮನೆಯಲ್ಲಿ. ಬಾಗಿಲ ಮೇಲೆ ಫಲಕ ಇದ್ದ ಹಾಗೆಯೇ ಇತ್ತು.

ಮಾಮಾ ನನಗೆ ಫೋನು ಮಾಡಲಿಲ್ಲ. ಹೋದ ಸಲ ನಾನು ನಕ್ಕಿದ್ದೆನಲ್ಲ! ಶುಕ್ರವಾರ ಅಂಚೆಯಲ್ಲಿ ಬೂದು ಅಂಚಿನ ಒಂದು ಕಾರ್ಡು ಬಂತು. ಇಲ್ಲಿ ಸಾವಿನ ಸುದ್ದಿಯನ್ನು ಹಾಗೆ ತಿಳಿಸುತ್ತಾರೆ. ಮೇಲೆ ತೀರಿಕೊಂಡವರ ಹೆಸರು, ಕೆಳಗೆ ದುಃಖದಲ್ಲಿರುವ ಮನೆಯವರ ಹೆಸರು. ಕಾರ್ಡಿನಲ್ಲಿ ಏನಿರಬೇಕೆಂದು ವೈನಿ ತಾವೇ ಮೊದಲೇ ಬರೆದಿಟ್ಟಿದ್ದರಂತೆ. ಮನೆಯವರ ಜಾಗದಲ್ಲಿ ಒಂದೇ ಒಂದು ಸಾಲಿತ್ತು: 'ಮೈದುನ ಮತ್ತು ಅವರ ಪತ್ನಿ, ಸಿಂಪಿ, ರೈಸ್‌ವೈಕ್.'

ನಾನು ಆ ಕಾರ್ಡು ಹಿಡಿದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಜೋಳದ ಹಿಟ್ಟಿನ ಡಬ್ಬಿ ಇಳಿಸಿದೆ. ನನಗೆ ರೊಟ್ಟಿ ದುಂಡಗೆ ಬರುವುದಿಲ್ಲ. ಬಂದಷ್ಟು ಬಡಿದೆ. ಶನಿವಾರ ಬೆಳಿಗ್ಗೆ ರೊಟ್ಟಿ, ಝುಣಕ, ಬುತ್ತಿ ಕಟ್ಟಿಕೊಂಡು ರೈಲು ಹತ್ತಿದೆ.

ನಾನು ಹೋದಾಗ ಮಾಮಾ ಹೊರಗೇ ಇದ್ದರು. ಪಕ್ಕದ ಮನೆಯ ಬಾಗಿಲ ಮುಂದೆ ನಿಂತು, ಒಂದು ಹಳೆಯ ಬಟ್ಟೆಯಿಂದ ಹಿತ್ತಾಳೆ ಫಲಕ ತಿಕ್ಕುತ್ತಿದ್ದರು. ಶನಿವಾರವಲ್ಲವೆ! ನನ್ನ ಕೈಯಲ್ಲಿನ ಬುತ್ತಿಯನ್ನು ನೋಡಿದರು. ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ಮತ್ತೆ ತಿಕ್ಕತೊಡಗಿದರು.

ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ಸದ್ದಿರಲಿಲ್ಲ. ಒಗ್ಗರಣೆಯ ವಾಸನೆ ಇರಲಿಲ್ಲ. ಪಾತ್ರೆಗಳೆಲ್ಲ ಬೋರಲಾಗಿದ್ದವು. ಅತ್ತೆ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದರು.

"ಅತ್ತಿ, ಏನೂ ತಿಂದಿಲ್ಲೇನ್ರಿ? ಒಲಿ ಹಚ್ಚಿಲ್ಲಲ್ಲ?"

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಕೈಯಿಂದ ಬುತ್ತಿಯನ್ನು ತೆಗೆದುಕೊಂಡರು.

"ನನ್ನ ನೆಗೆಣ್ಣಿ ಹೋಗ್ಯಾಳವಾ" ಎಂದರು. "ಒಲಿ ಹೆಂಗ ಹಚ್ಚಲಿ?"